ಎಣಿಸುತ್ತಿದ್ದೇನೆ, ಮಾತಾಡಿಸಬೇಡಿ

ಬೆಂಗಳೂರಿನ ಚಳಿಗೆ ಒಂದು ದಾಖಲೆಯುಂಟು. ೧೮೮೪ನೆಯ ಇಸವಿಯ ಜನವರಿ ೧೩ರಂದು ಈ ಊರಿನ ಉಷ್ಣತೆ ೭.೮ ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಿತ್ತು. ಅಂದಿನಿಂದ ಇಂದಿನವರೆಗೆ ಅಷ್ಟು ಕೆಳಕ್ಕೆ ಇಳಿಯುವ ಧೈರ್ಯವನ್ನು ಪಾದರಸ ಮತ್ತೆ ಮಾಡಿಲ್ಲ. ಈಗಿನ ಪುಷ್ಯಮಾಸದ ರಾತ್ರಿಗಳಲ್ಲಿಯೂ ಅದು ಸಾಮಾನ್ಯವಾಗಿ ಹದಿನೈದು, ಹದಿನಾರರ ಮೆಟ್ಟಿಲ ಮೇಲೆ ಕುಳಿತು ಬೆಳಗಾಗುವುದನ್ನು ಕಾಯುತ್ತದೆ. ಬೇಸಗೆಯ ಮಾತನ್ನು ಎತ್ತುವುದೇ ಬೇಡ. ೨೦೧೬ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಅದು ೩೯.೨ ಡಿಗ್ರಿಯವರೆಗೆ ಏರಿ ಊರಿನವರೆಲ್ಲರಿಂದ ಹಿಡಿಶಾಪ ಹಾಕಿಸಿಕೊಂಡಿತು.

ಇಂಥ ಊರಿನಲ್ಲಿ, ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ, ನೆತ್ತಿಯ ಮೇಲೆ ಫ್ಯಾನು ಗರಗರನೆ ತಿರುಗುತ್ತಿರುವಾಗ, ಮಡಿಲ ತುಂಬ ಉಲ್ಲನ್ನು ಹರವಿಕೊಂಡು, ಬೆವರೊರೆಸಿಕೊಳ್ಳುತ್ತ ತುಂಬುತೋಳಿನ ಸ್ವೆಟರನ್ನು ಹೆಣೆಯುವವರನ್ನು ಏನೆಂದು ಕರೆಯಬೇಕು? ವೈದ್ಯರು ಒಂದು ಹೆಸರನ್ನು ಹೇಳಿಯಾರು. ನೆರೆಹೊರೆಯವರು ಇನ್ನೊಂದನ್ನು ಹೇಳಿಯಾರು. ಮನೆಯವರು ಮಾತ್ರ ಏನನ್ನೂ ಹೇಳರು. ಹೇಳಿದರೆ ಎಣಿಕೆ ತಪ್ಪುತ್ತದೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಯಾವ ಬೀದಿಗೆ ಹೋದರೂ ಇಂಥ ಒಬ್ಬಾಕೆ ಸಿಕ್ಕೇ ಸಿಕ್ಕುತ್ತಾಳೆ. ಕೆಂಗೇರಿಯಲ್ಲಿ ಇಬ್ಬರು ಸಿಕ್ಕಾರು. ತಮ್ಮ ಕಡೆ ಚಳಿ ಒಂದು ಹಿಡಿ ಹೆಚ್ಚು ಎಂಬುದು ಅಲ್ಲಿಯವರ ಅಭಿಮಾನ. ಸದ್ಯಕ್ಕೆ ರಾಜಾಜಿನಗರದ ಒಂದು ಮನೆಯನ್ನು ಮನಸ್ಸಿಗೆ ತಂದುಕೊಂಡರೆ ಸಾಕು. ಮನೆಯ ನಂಬರು ಬೇಡ, ಯಜಮಾನರ ಹೆಸರೂ ಬೇಡ. ವಾಚಕರಲ್ಲಿ ಯಾರಿಗಾದರೂ ಇದು ತಮ್ಮ ಮನೆಯೇ ಎಂದು ತೋರಿದಲ್ಲಿ, ಅವರು ಅದನ್ನು ಮನೆಯಾಕೆಗೆ ತಿಳಿಸದಿರುವುದು ಕ್ಷೇಮ.

ಆಕೆಗೆ ಈಗ ಎಪ್ಪತ್ತು ದಾಟಿದೆ. ಈ ವಿದ್ಯೆ ಹತ್ತಿದ್ದು ಹನ್ನೊಂದನೆಯ ವಯಸ್ಸಿನಲ್ಲಿ, ೧೯೬೨ರ ಚೀನಾ ಯುದ್ಧದ ಕಾಲದಲ್ಲಿ. ಹಿಮಾಲಯದ ಎತ್ತರದಲ್ಲಿ ನಮ್ಮ ಜವಾನರಿಗೆ ಸಾಕಷ್ಟು ಬೆಚ್ಚನೆಯ ಉಡುಪಿಲ್ಲವೆಂಬ ಸುದ್ದಿ ಹರಡಿ, ದೇಶದ ಎಷ್ಟೋ ಊರುಗಳಲ್ಲಿ ಹೆಂಗಸರು, ಶಾಲೆಯ ಹುಡುಗಿಯರು ಕಡ್ಡಿಗಳನ್ನು ಕೈಗೆತ್ತಿಕೊಂಡರು. ಆಕೆಯ ತರಗತಿಗೂ ಉಲ್ಲನ್ ಬಂತು. ಆಕೆ ಮೂವತ್ತು ಕುಣಿಕೆಗಳಿಂದ ಒಂದು ಮಫ್ಲರನ್ನು ಆರಂಭಿಸಿದಳು. ಮುಗಿಯುವ ಹೊತ್ತಿಗೆ ಕುಣಿಕೆಗಳು ನಲವತ್ತೊಂದಾಗಿದ್ದವು. ಹನ್ನೊಂದು ಕುಣಿಕೆಗಳು ಎಲ್ಲಿಂದ ಬಂದು ಸೇರಿದವೆಂಬುದು ಟೀಚರಿಗೂ ತಿಳಿಯಲಿಲ್ಲ. ಒಂದು ತುದಿ ಕಿರಿದು, ಒಂದು ತುದಿ ಹಿರಿದಾದ ಆ ಮಫ್ಲರನ್ನು ಯಾವ ಜವಾನನು ಕೊರಳಿಗೆ ಸುತ್ತಿಕೊಂಡನೋ, ಸುತ್ತಿಕೊಂಡು ನಕ್ಕನೋ, ದೇವರೇ ಬಲ್ಲ. ಅಂದಿನಿಂದ ಆಕೆ ಎಣಿಸದೆ ಒಂದು ಸಾಲನ್ನೂ ಹೆಣೆದದ್ದಿಲ್ಲ.

ಯಜಮಾನರದು ಮತ್ತೊಂದು ಬಗೆಯ ಉಣ್ಣೆಯ ಸಂಬಂಧ. ಬೆಂಗಳೂರು ನಡುಗಿದ ಆ ೧೮೮೪ರಲ್ಲಿಯೇ ಪಟ್ಟಣದ ಪಶ್ಚಿಮದ ಅಂಚಿನಲ್ಲಿ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಎಂಬ ಗಿರಣಿ ಹುಟ್ಟಿತು. ಮುಂದೆ ಅದು ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದು ಜನರ ಬಾಯಲ್ಲಿ ಬಿನ್ನಿ ಮಿಲ್ ಆಯಿತು. ಸುತ್ತಲಿನ ಪೇಟೆ ಬಿನ್ನಿಪೇಟೆಯಾಯಿತು. ಮಹಾಯುದ್ಧಗಳ ಕಾಲದಲ್ಲಿ ಸೈನ್ಯಕ್ಕೆ ಬಟ್ಟೆಯನ್ನು ಒದಗಿಸಿದ ಗಿರಣಿ ಅದು. ಇಂದು ಗಿರಣಿಯೂ ಇಲ್ಲ, ಶಿಳ್ಳೆಯೂ ಇಲ್ಲ; ಆ ಜಾಗದಲ್ಲಿ ಮುಗಿಲಿಗೆ ಮುಟ್ಟುವ ವಸತಿ ಕಟ್ಟಡಗಳಿವೆ. ಯಜಮಾನರು ಅಲ್ಲಿ ಮೇಸ್ತ್ರಿಗಳಾಗಿದ್ದರು. ಉಣ್ಣೆಯ ನೂಲನ್ನು ಎರಡು ಬೆರಳುಗಳ ನಡುವೆ ಹೊಸೆದು ಅದರ ಗುಣವನ್ನು ಹೇಳಬಲ್ಲರು. ಬಣ್ಣದ ಎರಡು ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೇ ಪಾಕದವೋ ಅಲ್ಲವೋ ಎಂದು ತೀರ್ಪು ಕೊಡಬಲ್ಲರು. ಅವರ ಕಣ್ಣು ತಪ್ಪಿದ್ದನ್ನು ಮಿಲ್ಲಿನಲ್ಲಿ ಯಾರೂ ಕಂಡದ್ದಿಲ್ಲ.

ಇಂಥವರ ಕಣ್ಣಿಗೆ ಹೆಂಡತಿಯ ಹೆಣಿಗೆ ಮೊದಮೊದಲು ಮಕ್ಕಳಾಟವಾಗಿ ಕಂಡಿದ್ದರೆ ಆಶ್ಚರ್ಯವೇನು?

“ನಮ್ಮ ಮಿಲ್ಲಿನಲ್ಲಿ ಒಂದು ಪಾಳಿಯಲ್ಲಿ ಸುತ್ತುವ ನೂಲನ್ನು ನೀನು ಹೆಣೆಯಬೇಕಾದರೆ ಏಳು ಜನ್ಮ ಬೇಕು, ಇವಳೇ” ಎಂದರು, ಮದುವೆಯಾದ ಹೊಸದರಲ್ಲಿ.

“ಏಳು ಜನ್ಮದ ಕರಾರು ಹೇಗೂ ಆಗಿದೆಯಲ್ಲ” ಎಂದಳು ಆಕೆ, ಕಡ್ಡಿಯಿಂದ ಕಣ್ಣೆತ್ತದೆ.

ಕೈಗೂ ಯಂತ್ರಕ್ಕೂ ಇರುವ ಈ ಜಗಳ ರಾಜಾಜಿನಗರದಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಕ್ಯಾಲ್ವರ್ಟನ್ ಎಂಬ ಹಳ್ಳಿಯ ಪಾದ್ರಿ ವಿಲಿಯಂ ಲೀ ಎಂಬಾತ ೧೫೮೯ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ಕಂಡುಹಿಡಿದ. ಆತನಿಗೆ ಅದೇಕೆ ಹೊಳೆಯಿತೆಂಬುದಕ್ಕೆ ಒಂದು ಕಥೆಯುಂಟು. ಆತ ಮೆಚ್ಚಿದ ಹುಡುಗಿಯನ್ನು ಕಾಣಲು ಹೋದಾಗಲೆಲ್ಲ ಆಕೆ ಇವನ ಮುಖವನ್ನು ನೋಡದೆ ತನ್ನ ಹೆಣಿಗೆಯನ್ನೇ ನೋಡುತ್ತಿದ್ದಳಂತೆ. ಆ ಸಂಕಟ ತಾಳಲಾರದೆ ಬಡಪಾಯಿ ಯಂತ್ರವನ್ನು ಕಟ್ಟಿದನಂತೆ. ಎಲಿಜಬೆತ್ ರಾಣಿಯು, ಕೈಯಿಂದ ಹೆಣೆದು ಹೊಟ್ಟೆ ಹೊರೆಯುವ ತನ್ನ ಪ್ರಜೆಗಳ ಅನ್ನಕ್ಕೆ ಇದು ಕಲ್ಲು ಹಾಕೀತೆಂದು, ಆತನಿಗೆ ಸನ್ನದನ್ನು ಕೊಡಲಿಲ್ಲವೆಂದು ಹೇಳುತ್ತಾರೆ. ಕಥೆ ನಿಜವೋ ಸುಳ್ಳೋ, ಯಜಮಾನರು ಮಾತ್ರ ಅದನ್ನು ಕೇಳಿದಂದಿನಿಂದ ಲೀ ಮಹಾಶಯನನ್ನು ತಮ್ಮ ದಾಯಾದಿಯೆಂದೇ ಭಾವಿಸಿದ್ದಾರೆ. ಹೆಣೆಯುವಾಕೆಯ ಎದುರಿನಲ್ಲಿ ಕುಳಿತ ಗಂಡಸಿನ ಒಂಟಿತನವನ್ನು ಅನುಭವಿಸಿದವರೇ ಬಲ್ಲರು.

ಆ ಒಂಟಿತನಕ್ಕೆ ಕಾರಣ ಎಣಿಕೆ. ಹೊರಗಿನವರಿಗೆ ಈ ಲೆಕ್ಕದ ಆಳ ತಿಳಿಯದು. ನಲವತ್ತು ಅಂಗುಲ ಎದೆಸುತ್ತಿನ ಒಬ್ಬ ಮನುಷ್ಯನಿಗೆ ಅಂಗುಲಕ್ಕೆ ಐದು ಕುಣಿಕೆಯಂತೆ ಹೆಣೆದರೆ, ಮುಂಭಾಗಕ್ಕೆ ನೂರು, ಹಿಂಭಾಗಕ್ಕೆ ನೂರು, ಒಟ್ಟು ೨೦೦ ಕುಣಿಕೆ. ಅಂಗುಲಕ್ಕೆ ಏಳು ಸಾಲಿನಂತೆ ಇಪ್ಪತ್ತೈದು ಅಂಗುಲ ಉದ್ದಕ್ಕೆ ೧೭೫ ಸಾಲು. ಗುಣಿಸಿದರೆ ೩೫,೦೦೦. ಕಂಕುಳು, ಕೊರಳುಗಳಲ್ಲಿ ಒಂದಿಷ್ಟು ಇಳಿದರೂ ಎರಡು ತೋಳುಗಳು ಸೇರಿ ಅದು ಐವತ್ತು ಸಾವಿರದ ಸಮೀಪಕ್ಕೆ ಬಂದು ನಿಲ್ಲುತ್ತದೆ. ಇದರಲ್ಲಿ ಕೈ ಕೊಂಚ ಸಡಿಲವಾಗಿ, ಅಂಗುಲಕ್ಕೆ ಐದರ ಬದಲು ನಾಲ್ಕೂವರೆ ಕುಣಿಕೆ ಬಿದ್ದಿತೆನ್ನಿ. ಅದೇ ೨೦೦ ಕುಣಿಕೆ ನಲವತ್ನಾಲ್ಕು ಅಂಗುಲವನ್ನು ದಾಟಿಬಿಡುತ್ತದೆ. ಸೋದರಳಿಯನಿಗೆಂದು ಹೊರಟ ಸ್ವೆಟರು ಅವನ ಮಾವನಿಗೆ ಸರಿಹೋಗುತ್ತದೆ. ಕೈಯ ಬಿಗಿ ಮನಸ್ಸಿನ ಬಿಗಿಯನ್ನು ಅನುಸರಿಸುವುದರಿಂದ, ನಾದಿನಿಯರು ಬಂದುಹೋದ ವಾರದಲ್ಲಿ ಹೆಣೆದ ಭಾಗವನ್ನು ಈಗಲೂ ಬೆರಳಿಂದ ಮುಟ್ಟಿ ಗುರುತಿಸಬಹುದೆಂದು ಯಜಮಾನರು ಹೇಳುತ್ತಾರೆ, ಆಕೆ ಅಡುಗೆಮನೆಯಲ್ಲಿರುವಾಗ.

ಹೀಗಾಗಿ ಆ ಮನೆಯಲ್ಲಿ ಅತಿ ಹೆಚ್ಚು ಸಲ ಕೇಳಿಬಂದ ವಾಕ್ಯವೆಂದರೆ, “ಎಣಿಸುತ್ತಿದ್ದೇನೆ, ಮಾತಾಡಿಸಬೇಡಿ.” ಹಾಲು ಉಕ್ಕಿದರೂ ಅದೇ, ನೆಂಟರು ಬಾಗಿಲಲ್ಲಿ ನಿಂತರೂ ಅದೇ. ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾದನೆಂದು ಓಡಿಬಂದು ಹೇಳಿದಾಗ, ಆಕೆ ಎಡಗೈಯನ್ನು ಎತ್ತಿ ತಡೆದು, ಸಾಲನ್ನು ಮುಗಿಸಿ, ಕಡ್ಡಿಯನ್ನು ಮಗುಚಿ, ಆಮೇಲೆ ಆನಂದಬಾಷ್ಪ ಸುರಿಸಿದಳು. ಈಚೆಗೆ ಒಂದು ದಿನ ಸಾಮಾನು ತಂದ ಹುಡುಗನೊಬ್ಬ ಬಾಗಿಲಲ್ಲಿ ನಿಂತು, “ಅಮ್ಮಾ, ಒಟಿಪಿ ಹೇಳಿ” ಎಂದ.

“ನೂರಾ ನಲವತ್ತೇಳು” ಎಂದಳು ಆಕೆ.

“ನಾಲ್ಕು ಅಂಕಿ ಇರಬೇಕಮ್ಮ.”

“ನೂರಾ ನಲವತ್ತೆಂಟು, ನೂರಾ ನಲವತ್ತೊಂಬತ್ತು...”

ಹುಡುಗ ಅವೆಲ್ಲವನ್ನೂ ಒಂದೊಂದಾಗಿ ಒತ್ತಿನೋಡಿ, ಕೊನೆಗೆ ಮೆಟ್ಟಿಲ ಮೇಲೆ ಕುಳಿತುಬಿಟ್ಟನು.

ಎಣಿಕೆಯಷ್ಟೇ ಪ್ರಬಲವಾದದ್ದು ಸಂಗ್ರಹ. ಉಲ್ಲನ್ ಕೊಳ್ಳುವುದೂ ಉಲ್ಲನ್ ಹೆಣೆಯುವುದೂ ಎರಡು ಬೇರೆ ಬೇರೆ ಹವ್ಯಾಸಗಳೆಂದು ಬಲ್ಲವರು ಹೇಳುತ್ತಾರೆ. ಆ ಮನೆಯ ಬೀರುವಿನಲ್ಲಿ ರೇಷ್ಮೆಸೀರೆಗಳನ್ನು ಪಕ್ಕಕ್ಕೆ ತಳ್ಳಿ ಉಂಡೆಗಳು ಕುಳಿತಿವೆ. ದಸರೆಯ ಬೊಂಬೆಪೆಟ್ಟಿಗೆಯನ್ನು ತೆರೆದರೆ ಪಟ್ಟದ ಬೊಂಬೆಗಳು ಗುಲಾಬಿ ಉಲ್ಲನ್ನಿನೊಳಗಿಂದ ಮುಖ ತೋರಿಸುತ್ತವೆ. ಒಮ್ಮೆ ಅಕ್ಕಿಡಬ್ಬದಲ್ಲಿ ಕೈಯಿಟ್ಟ ಯಜಮಾನರಿಗೆ ಹಸಿರು ಉಂಡೆಯೊಂದು ಸಿಕ್ಕಿತು. ಮನೆಗೆಲ್ಲ ಮಲ್ಲಿಗೆಯ ಬದಲು ನುಸಿಗುಳಿಗೆಯ ಪರಿಮಳ. ಇಷ್ಟಿದ್ದರೂ ಬೇಕಾದಾಗ ಬೇಕಾದ ಬಣ್ಣದಲ್ಲಿ ಒಂದು ಉಂಡೆ ಕಡಿಮೆ ಬೀಳುವುದು ಹೆಣಿಗೆಯ ಲೋಕದ ನಿಯಮ.

ಆ ಕಡಿಮೆಬಿದ್ದ ಒಂದು ಉಂಡೆ ಸಾಮಾನ್ಯವಾದದ್ದಲ್ಲ. ಉಲ್ಲನ್ನನ್ನು ಬಣ್ಣದ ಕಡಾಯಿಯಲ್ಲಿ ಅದ್ದುವಾಗ ಪ್ರತಿಯೊಂದು ಪಾಕದ ಛಾಯೆಯೂ ಕೂದಲೆಳೆಯಷ್ಟು ಬೇರೆಯಾಗುತ್ತದೆ. ಅದಕ್ಕಾಗಿಯೇ ಉಂಡೆಯ ಚೀಟಿಯ ಮೇಲೆ ಬಣ್ಣದ ನಂಬರಲ್ಲದೆ ಪಾಕದ ನಂಬರನ್ನೂ ಅಚ್ಚು ಮಾಡಿರುತ್ತಾರೆ. ಎರಡು ಪಾಕದ ಉಂಡೆಗಳನ್ನು ಕೈಯಲ್ಲಿ ಹಿಡಿದರೆ ಒಂದೇ ಎನ್ನಿಸುತ್ತದೆ. ಹೆಣೆದು ಮುಗಿಸಿ ಬಿಸಿಲಿಗೆ ಹಿಡಿದಾಗ ಅಲ್ಲೊಂದು ಗಡಿರೇಖೆ ಕಾಣಿಸುತ್ತದೆ. ಆಕೆ ಮತ್ತು ಯಜಮಾನರು ಜಗಳವಾಡದೆ ಒಪ್ಪುತ್ತಿದ್ದ ವಿಷಯ ಇದೊಂದೇ. ಛಾಯೆಯ ವಿಷಯದಲ್ಲಿ ಇಬ್ಬರ ಕಣ್ಣೂ ಹದ್ದಿನ ಕಣ್ಣು. ಚಿಕ್ಕಪೇಟೆಯ ಅಂಗಡಿಯವರು ಈ ದಂಪತಿಗಳನ್ನು ದೂರದಿಂದ ಕಂಡರೆ ಸಾಕು, ಹಳೆಯ ದಾಸ್ತಾನನ್ನು ಒಳಗಿಡುತ್ತಿದ್ದರು.

ಇನ್ನು ಇಷ್ಟು ಸ್ವೆಟರುಗಳನ್ನು ತೊಡುವವರು ಯಾರು? ಇದು ಸಂಸಾರದ ಗಹನವಾದ ಪ್ರಶ್ನೆ. ಮದುವೆಮನೆಗೆ ಹೋದರೆ ಇತರರು ವರನ ಕೆಲಸವನ್ನೂ ಸಂಬಳವನ್ನೂ ವಿಚಾರಿಸುತ್ತಾರೆ. ಆಕೆ ಅವನ ಭುಜಗಳ ಅಗಲವನ್ನು ನೋಡುತ್ತಾಳೆ. ಬೀದಿಯಲ್ಲಿ ಯಾವ ಸೊಸೆಗೆ ವಾಂತಿ ಆರಂಭವಾಯಿತೆಂಬುದು ಆಕೆಯ ಬುಟ್ಟಿಯಲ್ಲಿ ತಿಳಿಹಳದಿಯ ಉಂಡೆ ಕಂಡೊಡನೆ ಎಲ್ಲರಿಗೂ ತಿಳಿಯುತ್ತದೆ. ಹುಟ್ಟುವುದು ಗಂಡೋ ಹೆಣ್ಣೋ ತಿಳಿಯದಿರುವಾಗ ಹಳದಿಯೇ ಕ್ಷೇಮ. ಆದರೆ ಕೂಸುಗಳಿಗೆ ಹೆಣಿಗೆಯ ಮೇಲೆ ಗೌರವವಿಲ್ಲ. ಸ್ವೆಟರಿನ ಎರಡನೆಯ ತೋಳು ಮುಗಿಯುವಷ್ಟರಲ್ಲಿ ಅವು ಮೊದಲನೆಯ ತೋಳಿಗಿಂತ ದೊಡ್ಡವಾಗಿರುತ್ತವೆ.

ಚಳಿಗಾಲದಲ್ಲಿ ಟಿಬೆಟಿಯನ್ನರು ಬಂದು ಬೀದಿಬದಿಯಲ್ಲಿ ಮಾರುವ ಲೂಧಿಯಾನದ ಸ್ವೆಟರುಗಳನ್ನು ತೋರಿಸಿ, “ಇದೇ ದುಡ್ಡಿಗೆ ಮೂರು ಬರುತ್ತವೆ” ಎಂದು ಯಜಮಾನರು ಹೇಳಿ ನೋಡಿದ್ದುಂಟು. ಆಕೆ ಆ ಸ್ವೆಟರಿನ ಒಳಮಗ್ಗುಲನ್ನು ತಿರುಗಿಸಿ, ಹೊಲಿಗೆಯನ್ನು ನೋಡಿ, ಸಾವಿನ ಮನೆಯಲ್ಲಿ ತಲೆಯಾಡಿಸುವಂತೆ ತಲೆಯಾಡಿಸಿ ಹಿಂದಿರುಗಿಸಿದಳು. ಕೊನೆಗೆ ಆಕೆಯನ್ನು ಕೈಹಿಡಿದದ್ದು ವಿಜ್ಞಾನ. ಊರಿನ ಕಂಪ್ಯೂಟರ್ ಕಂಪನಿಗಳು ತಮ್ಮ ಕಚೇರಿಗಳನ್ನು ಯಂತ್ರದಿಂದ ತಣಿಸತೊಡಗಿದ ಮೇಲೆ, ಮೇ ತಿಂಗಳಿನಲ್ಲಿಯೂ ಸೋದರಳಿಯಂದಿರು ಸ್ವೆಟರು ತೊಟ್ಟು ಕೆಲಸಕ್ಕೆ ಕುಳಿತರು. ದೇವರು ಕೊಡದ ಚಳಿಯನ್ನು ಏರ್ ಕಂಡೀಷನರು ಕೊಟ್ಟಿತು.

ಆಕೆಯ ಸ್ವಭಾವದಲ್ಲಿ ಒಂದು ಕಠಿಣವಾದ ಅಂಶವಿತ್ತು. ತಪ್ಪನ್ನು ಆಕೆ ಕ್ಷಮಿಸುತ್ತಿರಲಿಲ್ಲ. ಇಪ್ಪತ್ತು ಸಾಲುಗಳ ಕೆಳಗೆ ಒಂದೇ ಒಂದು ಕುಣಿಕೆ, ನಿಟ್ ಬೀಳಬೇಕಾದಲ್ಲಿ ಪರ್ಲ್ ಬಿದ್ದಿದೆಯೆಂದರೆ, ಕಡ್ಡಿಯನ್ನು ಎಳೆದು, ಇಪ್ಪತ್ತೂ ಸಾಲುಗಳನ್ನು ಸರಸರನೆ ಬಿಚ್ಚಿಬಿಡುತ್ತಿದ್ದಳು. “ಯಾರು ನೋಡುತ್ತಾರೆ?” ಎಂದರೆ, “ನಾನು ನೋಡುತ್ತೇನೆ” ಎನ್ನುತ್ತಿದ್ದಳು. ಮಕ್ಕಳಿಗೆ ಚಿಕ್ಕದಾದ ಸ್ವೆಟರುಗಳನ್ನೂ ಹೀಗೆಯೇ ಬಿಚ್ಚಿ, ನೂಲನ್ನು ಕುರ್ಚಿಯ ಬೆನ್ನಿಗೆ ಲಡಿಯಾಗಿ ಸುತ್ತಿ, ತೊಳೆದು, ಭಾರ ಕಟ್ಟಿ ಒಣಗಹಾಕುತ್ತಿದ್ದಳು. ಬಿಚ್ಚಿದ ಉಣ್ಣೆಗೆ ಹಳೆಯ ಕುಣಿಕೆಗಳ ನೆನಪು ಬೇಗ ಹೋಗುವುದಿಲ್ಲ. ನೀರು, ಭಾರ ಎರಡೂ ಬಿದ್ದ ಮೇಲೆಯೇ ಅದರ ಸುರುಳಿ ನೇರವಾಗುವುದು. ಹೀಗೆ ಮಗನ ಶಾಲೆಯ ಸ್ವೆಟರು ಮಗಳ ಟೊಪ್ಪಿಗೆಯಾಗಿ, ಮೊಮ್ಮಗಳ ಕಾಲುಚೀಲವಾಗಿ, ಮೂರು ತಲೆಮಾರನ್ನು ಕಂಡಿತು.

ಇಷ್ಟೆಲ್ಲ ನಡೆದರೂ ಯಜಮಾನರಿಗೆ ಒಂದು ಸ್ವೆಟರಿರಲಿಲ್ಲ. ದೀಪದ ಕೆಳಗೆ ಕತ್ತಲೆ. ಅವರು ಮಿಲ್ಲಿನ ಕೆಲಸ ಬಿಟ್ಟ ವರ್ಷ ಆಕೆ ಅವರಿಗಾಗಿ ಬೂದುಬಣ್ಣದ ಉಲ್ಲನ್ನನ್ನು ತಂದು ಆರಂಭಿಸಿದ್ದು ನಿಜ. ಹಿಂಭಾಗ ಮುಗಿಯುವಷ್ಟರಲ್ಲಿ ಮಗಳ ಬಾಣಂತಿತನ ಬಂತು. ಮುಂಭಾಗ ಅರ್ಧವಾದಾಗ ಸೋದರಳಿಯ ಅಮೆರಿಕೆಗೆ ಹೊರಟ. ಒಂದು ತೋಳು ಮುಗಿದಾಗ ಮೊಮ್ಮಗಳಿಗೆ ಕೆಮ್ಮು ಹಿಡಿದು, ಎರಡನೆಯ ತೋಳಿನ ಉಲ್ಲನ್ನು ಅವಳ ಕುಲಾವಿಯಾಯಿತು. ಒಂದು ತೋಳಿನ ಆ ಸ್ವೆಟರು ಎರಡು ದಶಕಗಳಿಗೂ ಮೇಲ್ಪಟ್ಟು ಬೀರುವಿನ ಕೆಳಗಿನ ಅರೆಯಲ್ಲಿ ತೇಪೆ ಹಾಕಿದ ದುಪ್ಪಟಿಯೊಂದನ್ನು ಹೊದ್ದು ಮಲಗಿತ್ತು. ಯಜಮಾನರು ಅದನ್ನು ಕೇಳಲಿಲ್ಲ. ಕೇಳುವುದು ಹೇಗೆ? ಎಣಿಸುತ್ತಿರುತ್ತಾಳಲ್ಲ.

ಎರಡು ವರ್ಷಗಳ ಹಿಂದಿನ ದೀಪಾವಳಿಯ ಹೊತ್ತಿಗೆ ಆಕೆಯೇ ಅದನ್ನು ಹೊರತೆಗೆದಳು. “ಈ ಸಂಕ್ರಾಂತಿಗೆ ನಿಮ್ಮದನ್ನು ಮುಗಿಸಿಬಿಡುತ್ತೇನೆ” ಎಂದಳು. ಯಜಮಾನರಿಗೆ ಸಂತೋಷಕ್ಕಿಂತ ಹೆಚ್ಚಾಗಿ ಗಾಬರಿಯಾಯಿತು. ಏಕೆಂದರೆ ಕೆಲವು ತಿಂಗಳುಗಳಿಂದ ಅವರೊಂದು ಸಂಗತಿಯನ್ನು ಗಮನಿಸಿದ್ದರು. ಆಕೆ ಕಪ್ಪು, ಕಂದು, ಕಡುನೀಲಿಗಳನ್ನು ಕೈಬಿಟ್ಟು ಬರಿಯ ಬಿಳಿ, ತಿಳಿಹಳದಿಗಳನ್ನೇ ಹೆಣೆಯುತ್ತಿದ್ದಳು. ಕುರ್ಚಿ ದಿನದಿನಕ್ಕೂ ಕಿಟಕಿಯ ಹತ್ತಿರಕ್ಕೆ ಸರಿಯುತ್ತಿತ್ತು. ಎಣಿಕೆ ಕಣ್ಣಿನಿಂದ ಬೆರಳಿಗೆ ಇಳಿದಿತ್ತು. ಮಾಡಿದ್ದನ್ನು ಬಿಚ್ಚುವುದು ಮೊದಲು ವಾರಕ್ಕೊಮ್ಮೆ ಇದ್ದದ್ದು ಈಗ ದಿನಕ್ಕೆರಡು ಸಲವಾಗಿತ್ತು. ಬಿಚ್ಚುವಾಗ ಆಕೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ತೋಳಿಗೆ ಉಲ್ಲನ್ ಬೇಕಾಗಿತ್ತಷ್ಟೆ. ಬೂದುಬಣ್ಣದ ಒಂದು ತುಂಡು ನೂಲನ್ನು ಕರವಸ್ತ್ರದ ತುದಿಗೆ ಗಂಟುಹಾಕಿಕೊಂಡು ಇಬ್ಬರೂ ಮಹಾಕವಿ ಕುವೆಂಪು ರಸ್ತೆಯ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರು. ಅಂಗಡಿಯವನು ಬೂದುಬಣ್ಣದ ಆರೇಳು ಉಂಡೆಗಳನ್ನು ಮುಂದಿಟ್ಟ. ಆಕೆ ತುಂಡುನೂಲನ್ನು ಪ್ರತಿಯೊಂದರ ಮೇಲೂ ಇಟ್ಟು, ಬಾಗಿಲ ಬೆಳಕಿಗೆ ಹಿಡಿದು, ಬಹಳ ಹೊತ್ತು ಪರೀಕ್ಷಿಸಿ, ಒಂದನ್ನು ಆರಿಸಿದಳು.

“ಇದೇ. ಒಂದೇ ಪಾಕದ್ದು ಎಂದರೂ ಸಂದೇಹ ಬರುವುದಿಲ್ಲ. ಅಲ್ಲವೇ ಅಂದ್ರೆ?”

ಅಂಗಡಿಯವನು ಏನನ್ನೋ ಹೇಳಲು ಬಾಯಿ ತೆರೆದ. ಯಜಮಾನರಿಗೆ ಆ ಕ್ಷಣದಲ್ಲಿಯೇ ಜೋರಾಗಿ ಕೆಮ್ಮು ಬಂತು. ಕೆಮ್ಮುತ್ತಲೇ ಅವರು ಹಣವನ್ನು ಎಣಿಸಿಕೊಟ್ಟರು.

ತೋಳಿನ ಪಟ್ಟಿ ಮುಗಿದು ಹತ್ತಿಪ್ಪತ್ತು ಸಾಲು ಏರಿತು. ಬಿಚ್ಚಿದ್ದಾಯಿತು. ಮತ್ತೆ ಏರಿತು, ಮತ್ತೆ ಬಿಚ್ಚಿದ್ದಾಯಿತು. ಮೂರನೆಯ ಸಲ ಬಿಚ್ಚಿದ ರಾತ್ರಿ ಆಕೆ ಕಡ್ಡಿಗಳನ್ನು ಬುಟ್ಟಿಯಲ್ಲಿಟ್ಟು, “ನನಗೆ ಕಾಣಿಸುತ್ತಿಲ್ಲ” ಎಂದಳು. ಅಷ್ಟನ್ನು ಹೇಳಲು ಆಕೆಗೆ ಒಂದು ವರ್ಷ ಹಿಡಿದಿತ್ತು.

ಎರಡು ಕಣ್ಣಿಗೂ ಪೊರೆ ಬಂದಿದೆಯೆಂದು ವೈದ್ಯರು ಹೇಳಿದರು. ಇದೇನೂ ಅಪರೂಪದ್ದಲ್ಲ, ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು, ಹೆದರಬೇಕಾದ್ದಿಲ್ಲ ಎಂದರು. ಆಕೆ ಶಸ್ತ್ರಚಿಕಿತ್ಸೆಗೆ ಹೆದರಲಿಲ್ಲ. ಹೊಸ ಕನ್ನಡಕ ಬರುವವರೆಗೆ ಕಣ್ಣಿಗೆ ಆಯಾಸ ಕೊಡಬಾರದು, ಹೆಣಿಗೆ ಬೇಡ ಎಂದಾಗ ಮಾತ್ರ ಮುಖ ಬಾಡಿತು. “ಎಷ್ಟು ದಿನ?” ಎಂದು ಕೇಳಿ, ಬೆರಳು ಮಡಿಸಿ ವಾರಗಳನ್ನು ಎಣಿಸಿದಳು.

ಆ ವಾರಗಳಲ್ಲಿ ಮನೆಗೆ ಬಂದ ಮೌನ ಬೇರೆ ಬಗೆಯದು. ಎಣಿಕೆಯಿಲ್ಲದ ಮನೆಯಲ್ಲಿ ಈಗ ಎಷ್ಟು ಬೇಕಾದರೂ ಮಾತನಾಡಬಹುದಾಗಿತ್ತು. ಯಜಮಾನರಿಗೆ ಮಾತೇ ತೋಚಲಿಲ್ಲ. ಗಡಿಯಾರ ನೋಡಿ ಕಣ್ಣಿಗೆ ಔಷಧದ ತೊಟ್ಟು ಬಿಡುವುದು, ಅಡುಗೆಯವಳಿಗೆ ಉಪ್ಪಿನ ಪ್ರಮಾಣ ಹೇಳುವುದು, ವರ್ತಮಾನಪತ್ರಿಕೆಯನ್ನು ಓದಿ ಹೇಳುವುದು, ಇಷ್ಟಾದರೂ ದಿನ ಮುಗಿಯುತ್ತಿರಲಿಲ್ಲ. ಆಕೆ ಕಪ್ಪು ಕನ್ನಡಕ ಧರಿಸಿ, ಬರಿಗೈಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುತ್ತಿದ್ದಳು. ಬೆರಳುಗಳು ಮಾತ್ರ ತಮ್ಮಷ್ಟಕ್ಕೆ ತಾವೇ ಅಲುಗುತ್ತಿದ್ದವು.

ಒಂದು ಸಂಜೆ ಮೊಮ್ಮಗಳು ತನ್ನ ಫೋನಿನಲ್ಲಿ ತಾತನಿಗೆ ಒಂದು ಚಿತ್ರ ತೋರಿಸಿದಳು. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ, ಟಿಟಿಕಾಕಾ ಸರೋವರದ ನಡುವೆ ಟಕೀಲೆ ಎಂಬ ದ್ವೀಪವಿದೆ. ಅಲ್ಲಿ ಹೆಂಗಸರು ಮಗ್ಗದಲ್ಲಿ ನೇಯುತ್ತಾರೆ. ಕಡ್ಡಿ ಹಿಡಿದು ಟೊಪ್ಪಿಗೆ ಹೆಣೆಯುವವರು ಗಂಡಸರು, ಅದೂ ಚಿಕ್ಕಂದಿನಿಂದಲೇ. ಆ ದ್ವೀಪದ ಈ ಕಲೆಯನ್ನು ೨೦೦೫ರಲ್ಲಿ ಯುನೆಸ್ಕೋ ಸಂಸ್ಥೆ ಮಾನವಕುಲದ ಪರಂಪರೆಗಳಲ್ಲೊಂದೆಂದು ಸಾರಿತು. ಹಿಂದಿನ ಯುರೋಪಿನಲ್ಲಿಯೂ ಹೆಣಿಗೆಯ ವೃತ್ತಿಸಂಘಗಳಲ್ಲಿ ಇದ್ದವರು ಗಂಡಸರೇ. ವರ್ಷಗಟ್ಟಲೆ ಉಮೇದುವಾರಿ ಮಾಡಿದ ಮೇಲೆಯೇ ಅವರಿಗೆ ಕುಶಲಿಗಳೆಂಬ ಪಟ್ಟ ಸಿಗುತ್ತಿತ್ತು.

ಯಜಮಾನರು ಏನೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಬೀರುವಿನ ಬಾಗಿಲು ಕಿರ್ರೆಂದಿತು. ಸ್ವಲ್ಪ ಹೊತ್ತಿನ ಮೇಲೆ ಟಿಕ್, ಟಿಕ್ ಎಂಬ ಸದ್ದು ಆರಂಭವಾಯಿತು. ನಡುವೆ ನಿಲ್ಲುವುದು, ಎಡವುವುದು, ಮತ್ತೆ ಟಿಕ್ ಎನ್ನುವುದು. ಕಣ್ಣು ಮುಚ್ಚಿ ಮಲಗಿದ್ದ ಆಕೆ ಐದು ನಿಮಿಷ ಆಲಿಸಿ ಹೇಳಿದಳು:

“ನೂಲನ್ನು ಬೆರಳಿಗೆ ಸುತ್ತಿಕೊಳ್ಳಿ. ಹಗ್ಗ ಹಿಡಿದಂತೆ ಹಿಡಿಯಬೇಡಿ.”

ನಲವತ್ತು ವರ್ಷಗಳಿಗೂ ಮಿಕ್ಕಿ ಎದುರಿನಲ್ಲಿ ಕುಳಿತು ನೋಡಿದವರಿ‌ಗೆ ವಿದ್ಯೆಯ ಅರ್ಧಭಾಗ ಕಣ್ಣಿಗೇ ಬಂದಿರುತ್ತದೆ. ಉಳಿದರ್ಧವನ್ನು ಆಕೆ ಮಂಚದ ಮೇಲಿಂದಲೇ ಕಲಿಸಿದಳು, ಸದ್ದಿನ ಮೇಲೆಯೇ. “ಈಗ ಪರ್ಲ್ ಹಾಕಬೇಕಿತ್ತು, ನಿಟ್ ಹಾಕಿದಿರಿ.” “ಇದು ಬಿಗಿಯಾಯಿತು, ಮಿಲ್ಲಿನ ಕೋಪ ಬೇಡ.” “ಒಂದು ಕುಣಿಕೆ ಜಾರಿತು ನೋಡಿ.” ಹದಿನೆಂಟು ಅಂಗುಲದ ಒಂದು ತೋಳು. ಆಕೆಯ ಕೈಯಲ್ಲಾದರೆ ಒಂದು ವಾರದ ಕೆಲಸ. ಯಜಮಾನರಿಗೆ ಎರಡು ಕಣ್ಣುಗಳ ಚಿಕಿತ್ಸೆ ಮುಗಿಯುವವರೆಗೂ ಅದು ನಡೆಯಿತು. ನೆರೆಮನೆಯವರು ಬಂದಾಗ ಅವರು ಕಡ್ಡಿಗಳನ್ನು ವರ್ತಮಾನಪತ್ರಿಕೆಯ ಕೆಳಗೆ ಬಚ್ಚಿಡುತ್ತಿದ್ದರು. ಒಮ್ಮೆ ಕಡ್ಡಿಯ ಮೇಲೆಯೇ ಕುಳಿತದ್ದೂ ಉಂಟು.

ಹೊಸ ಕನ್ನಡಕ ಬಂದ ಬೆಳಿಗ್ಗೆ ಆಕೆ ಮನೆಯನ್ನೆಲ್ಲ ಒಂದು ಸುತ್ತು ಹಾಕಿದಳು. ಗೋಡೆ ಇಷ್ಟು ಬೆಳ್ಳಗಿತ್ತೇ, ಆಕಾಶ ಇಷ್ಟು ನೀಲಿಯೇ ಎಂದಳು. ಕಣ್ಣಿನ ಪೊರೆ ಬಲಿಯುತ್ತ ಹೋದಂತೆ ಒಳಗಿನ ಮಸೂರ ಹಳದಿಗಟ್ಟಿ ನೀಲಿಯನ್ನು ನುಂಗಿಬಿಡುತ್ತದೆ; ತೆಗೆದ ಮೇಲೆ ಲೋಕಕ್ಕೆ ನೀಲಿ ಹಿಂದಿರುಗುತ್ತದೆ. ವೈದ್ಯರು ಇದನ್ನು ಮೊದಲೇ ಹೇಳಿದ್ದರು.

ಯಜಮಾನರು ಪಡಸಾಲೆಯಲ್ಲಿ ಕುಳಿತು ತೋಳಿನ ಕೊನೆಯ ಸಾಲುಗಳನ್ನು ಮುಗಿಸುತ್ತಿದ್ದರು. ಆಕೆ ಬಂದು ಸ್ವೆಟರನ್ನು ಅವರ ಮಡಿಲಿನಿಂದ ಎತ್ತಿ ಕಿಟಕಿಯ ಬಿಸಿಲಿಗೆ ಹಿಡಿದಳು. ಮೊಮ್ಮಗಳು ಉಸಿರು ಬಿಗಿಹಿಡಿದು ನಿಂತಳು. ತೋಳು ಒಂದೂವರೆ ಅಂಗುಲ ಉದ್ದವಾಗಿತ್ತು. ಒಂಬತ್ತನೆಯ ಸಾಲಿನಲ್ಲಿ ಒಂದು ಕುಣಿಕೆ ಉಲ್ಟಾ ಬಿದ್ದಿತ್ತು. ಆದರೆ ಆಕೆ ನೋಡುತ್ತಿದ್ದುದು ಅದನ್ನಲ್ಲ. ಇಡೀ ಸ್ವೆಟರು ಬೂದುಬಣ್ಣ. ಹೊಸ ತೋಳು ಮಾತ್ರ ಸ್ಪಷ್ಟವಾಗಿ, ಮಳೆಗಾಲದ ಮೋಡದಂತೆ, ನೀಲಿ. ಪಾಕದ ವ್ಯತ್ಯಾಸವಲ್ಲ ಅದು. ಕುರುಡನಿಗಲ್ಲದೆ ಎಲ್ಲರಿಗೂ ಕಾಣುವ ವ್ಯತ್ಯಾಸ.

ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಚಿಕ್ಕಪೇಟೆಯ ಅಂಗಡಿ, ಬಾಗಿಲ ಬೆಳಕು, ಅಂಗಡಿಯವನ ತೆರೆದ ಬಾಯಿ, ಆ ಕೆಮ್ಮು, ಎಲ್ಲವೂ ಒಂದೊಂದಾಗಿ ನೆನಪಿಗೆ ಬಂದಿರಬೇಕು. ಬಣ್ಣದ ತೀರ್ಪಿನಲ್ಲಿ ಎಂದೂ ತಪ್ಪದ ಮೇಸ್ತ್ರಿಗಳು ಪಕ್ಕದಲ್ಲಿಯೇ ನಿಂತಿದ್ದರಲ್ಲ!

“ನಿಮಗೆ ಅವತ್ತೇ ಗೊತ್ತಿತ್ತು, ಅಲ್ಲವೇ?” ಎಂದಳು.

ಯಜಮಾನರು ತಲೆಯೆತ್ತಲಿಲ್ಲ. ಸ್ವೆಟರನ್ನು ಮೆಲ್ಲನೆ ತಮ್ಮ ಮಡಿಲಿಗೆ ಎಳೆದುಕೊಂಡು ಕಡ್ಡಿಯನ್ನು ಸರಿಪಡಿಸಿಕೊಂಡರು.

“ಎಣಿಸುತ್ತಿದ್ದೇನೆ,” ಎಂದರು. “ಮಾತಾಡಿಸಬೇಡ.”

ಆ ತೋಳನ್ನು ಆಕೆ ಬಿಚ್ಚಲಿಲ್ಲ. ಭುಜಕ್ಕೆ ಸೇರಿಸಿ ಹೊಲಿದಳು. ಒಂದೂವರೆ ಅಂಗುಲವನ್ನು ಒಳಕ್ಕೆ ಮಡಿಸಿ ಪಟ್ಟಿ ಮಾಡಿದಳು. ಸಂಕ್ರಾಂತಿ ಯಾವಾಗಲೋ ಕಳೆದುಹೋಗಿತ್ತು. ಆದರೂ ಚಳಿಯ ನೆಪ ಬೇಕಿಲ್ಲದ ಯಜಮಾನರು ಶಿವರಾತ್ರಿ ಮುಗಿದು ಬಿಸಿಲೇರಿದ ಮೇಲೆಯೂ ಒಂದು ತೋಳು ಬೂದಿ, ಒಂದು ತೋಳು ನೀಲಿಯ ಆ ಸ್ವೆಟರನ್ನು ತೊಟ್ಟು ಬೆವರುತ್ತ ಬೆಳಗಿನ ವಾಕಿಂಗಿಗೆ ಹೋಗುತ್ತಿದ್ದರು. ಉದ್ಯಾನದ ಬೆಂಚಿನ ಗೆಳೆಯರು ಇದು ಈಗಿನ ಫ್ಯಾಷನ್ನೇ ಎಂದು ಕೇಳಿದರು. ಹೌದೆಂದು ಯಜಮಾನರು ಹೇಳಿದರು.

ಈಗ ಆ ಮನೆಯಲ್ಲಿ ಎರಡು ಜೊತೆ ಕಡ್ಡಿಗಳು ಆಡುತ್ತವೆ. ಯಜಮಾನರು ಮಫ್ಲರಿಗೆ ಕೈ ಹಾಕಿದ್ದಾರೆ. ಮೂವತ್ತು ಕುಣಿಕೆಗಳಿಂದ ಆರಂಭವಾದ ಅದು ಸದ್ಯ ಮೂವತ್ನಾಲ್ಕಕ್ಕೆ ಬಂದಿದೆ. ಸಾಮಾನು ತರುವ ಹುಡುಗನು ಗಂಟೆಯೊತ್ತಿ, ಒಳಗಿನಿಂದ ಎರಡು ಕಂಠಗಳು ಎರಡು ಬೇರೆ ಬೇರೆ ಸಂಖ್ಯೆಗಳನ್ನು ಹೇಳುವುದನ್ನು ಕೇಳಿ, ಚೀಲವನ್ನು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕುಳಿತು ಕಾಯುತ್ತಾನೆ. ಬರುವ ಚಳಿಗಾಲಕ್ಕೆ ಅವನಿಗೂ ಒಂದು ಟೊಪ್ಪಿಗೆಯಾಗುವುದೆಂದು ಮಾತು. ಅವನ ತಲೆಯ ಸುತ್ತಳತೆಯನ್ನು ಆಕೆ ಆಗಲೇ ಕಣ್ಣಿನಲ್ಲಿ ತೆಗೆದುಕೊಂಡಾಗಿದೆ.